'ಎ' ಎಂಬ ಒಂದು ಅಕ್ಷರ: ತಂದೆಯ ಉದ್ಯೋಗವನ್ನು ಇಂಗ್ಲಿಷಿನಲ್ಲಿ ಬರೆಯುವಾಗ



ಪದವಿಯ ನಂತರ ಮುಂದೇನು ಎಂಬ ವಿಷಯವಾಗಿ ನಮ್ಮ ಸ್ಟುಡಿಯೋದಲ್ಲಿ ಒಂದು ಮಾತುಕತೆಯ ಚಿತ್ರೀಕರಣ ನಡೆದಿತ್ತು. ಬೇರೆ ಬೇರೆ ಊರುಗಳ ಕಾಲೇಜುಗಳಿಂದ ವಿದ್ಯಾರ್ಥಿಗಳು ಬಂದಿದ್ದರು. ಚರ್ಚೆಯೆಲ್ಲ ಕನ್ನಡದಲ್ಲೇ. ಆದರೆ ಉದ್ಯೋಗದ ಸಂದರ್ಶನಕ್ಕೆ ಅಭ್ಯಾಸವಾಗಲಿ ಎಂದು ಪ್ರತಿಯೊಬ್ಬರೂ ಮೊದಲು ನಾಲ್ಕು ವಾಕ್ಯಗಳಲ್ಲಿ ತಮ್ಮ ಪರಿಚಯವನ್ನು ಇಂಗ್ಲಿಷಿನಲ್ಲಿ ಹೇಳಬೇಕೆಂದು ಸೂಚಿಸಿದವನು ನಾನೇ. ಹೆಸರು, ಊರು, ಓದು, ತಂದೆಯ ಉದ್ಯೋಗ. ಅಷ್ಟೇ.

ಮೂರನೆಯ ಸಾಲಿನಲ್ಲಿದ್ದ ಒಬ್ಬ ಹುಡುಗಿಯ ಸರದಿ ಬಂತು. ಮೊದಲ ಮೂರು ವಾಕ್ಯಗಳು ಸರಾಗವಾಗಿ ಹೋದವು. ನಾಲ್ಕನೆಯದು: 'ಮೈ ಫಾದರ್ ಈಸ್ ಟೈಲರ್.' ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಆಕೆ ಕುಳಿತಳು. ಮುಂದಿನ ನಲವತ್ತು ನಿಮಿಷದಲ್ಲಿ ಆಕೆಯ ಕೈ ಒಮ್ಮೆಯೂ ಮೇಲೇಳಲಿಲ್ಲ.

ಚಹಾ ವಿರಾಮದಲ್ಲಿ ನಕ್ಕ ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿದೆ. "ಗ್ರಾಮರ್ ತಪ್ಪಿತ್ತು ಸಾರ್, 'ಎ' ಬಿಟ್ಟುಬಿಟ್ಟಳು" ಎಂದ. ಸರಿಯಾದ ಮಾತೇ. 'ಮೈ ಫಾದರ್ ಈಸ್ ಎ ಟೈಲರ್' ಎಂದಾಗಬೇಕಿತ್ತು. ಆದರೆ ನಾನು ವಿಜ್ಞಾನ ಓದಿದವನು, ದಾಖಲೆ ನೋಡದೆ ಏನನ್ನೂ ಒಪ್ಪುವ ಅಭ್ಯಾಸವಿಲ್ಲ. ಅವನನ್ನು ಎಡಿಟಿಂಗ್ ಕೋಣೆಗೆ ಕರೆದೊಯ್ದು ಅವನದೇ ಪರಿಚಯದ ಭಾಗವನ್ನು ಹಾಕಿಸಿ ಕೇಳಿಸಿದೆ. 'ಮೈ ಫಾದರ್ ಈಸ್ ಬ್ಯಾಂಕ್ ಮ್ಯಾನೇಜರ್.' ಅಲ್ಲಿಯೂ 'ಎ' ಇಲ್ಲ! ಅದಕ್ಕೆ ಯಾರೂ ನಕ್ಕಿರಲಿಲ್ಲ. ಹುಡುಗನ ಮುಖ ಕೆಂಪಾಯಿತು. ನಾನೂ ಹೆಚ್ಚು ಹೇಳಲಿಲ್ಲ. ಆಮೇಲೆ ಉಳಿದವರ ಪರಿಚಯಗಳನ್ನೂ ಒಂದೊಂದಾಗಿ ಕೇಳಿದೆ. ಹೆಚ್ಚಿನವರು ಆ ಅಕ್ಷರವನ್ನು ಬಿಟ್ಟೇ ಹೇಳಿದ್ದರು.

ಇಷ್ಟು ಜನ ಬಿಡುವ ತಪ್ಪಿಗೆ ಏನಾದರೂ ಕಾರಣವಿರಲೇಬೇಕಲ್ಲವೇ? ಈ ಪುಟಗಳಲ್ಲಿ ಅದನ್ನೇ ನೋಡೋಣ.

ಮೊದಲ ಕಾರಣ ಕಿವಿಗೆ ಸಂಬಂಧಿಸಿದ್ದು. ನಮ್ಮ ಎಡಿಟಿಂಗ್ ಯಂತ್ರದಲ್ಲಿ ಧ್ವನಿ ಒಂದು ಗೆರೆಯಾಗಿ ಕಾಣುತ್ತದೆ. ಜೋರಾದ ಶಬ್ದ ಬಂದಲ್ಲಿ ಗೆರೆ ಗುಡ್ಡದಂತೆ ಏಳುತ್ತದೆ, ಮೆಲ್ಲನೆಯ ಶಬ್ದಕ್ಕೆ ಬದುವಿನಷ್ಟು ಉಬ್ಬುತ್ತದೆ. ಇಂಗ್ಲಿಷ್ ಮಾತೃಭಾಷೆಯವರೊಬ್ಬರು 'ಶಿ ಈಸ್ ಎ ಡಾಕ್ಟರ್' ಎಂದರೆ 'ಡಾಕ್' ಎಂಬಲ್ಲಿ ದೊಡ್ಡ ಗುಡ್ಡ ಏಳುತ್ತದೆ. 'ಎ' ಇದ್ದ ಕಡೆ ಕಂಡೂ ಕಾಣದಂಥ ಉಬ್ಬು. ಬರೆಯುವಾಗ ನಾವು 'ಎ' ಎಂದು ಬರೆದರೂ ಅವರು ಹೇಳುವುದು ಅರ್ಧ 'ಅ'ಕಾರ ಮಾತ್ರ. ಅದೂ ಹಿಂದಿನ ಪದಕ್ಕೆ ಅಂಟಿಕೊಂಡು 'ಇಸ ಡಾಕ್ಟರ್' ಎಂದು ಕೇಳಿಸುತ್ತದೆ. ಕೇಳಿಸದ್ದನ್ನು ಕಲಿಯುವುದು ಹೇಗೆ? ಪುಸ್ತಕದಲ್ಲಿ ಕಂಡೇ ಕಲಿಯಬೇಕು. ಆದ್ದರಿಂದ ಈ ಅಕ್ಷರ ನಮಗೆ ಮಾತಿಗಿಂತ ಬರವಣಿಗೆಯಲ್ಲಿ ಮೊದಲು ಸಿದ್ಧಿಸಬೇಕಾದದ್ದು.

ಎರಡನೆಯ ಕಾರಣ ನಮ್ಮ ಭಾಷೆಯಲ್ಲೇ ಇದೆ. 'ನಮ್ಮಪ್ಪ ಟೈಲರ್' ಎಂದರೆ ಕನ್ನಡದಲ್ಲಿ ವಾಕ್ಯ ಮುಗಿಯಿತು. 'ಈಸ್' ಎಂಬ ಕ್ರಿಯಾಪದವೂ ಬೇಡ, 'ಎ' ಎಂಬ ಆರ್ಟಿಕಲ್ಲೂ ಬೇಡ. ಇಂಗ್ಲಿಷಿಗೆ ಬರುವಾಗ 'ಈಸ್' ಹಾಕಬೇಕೆಂದು ನೆನಪಿಟ್ಟುಕೊಂಡು ಹಾಕುತ್ತೇವೆ. 'ಎ' ಹಾಕುವುದು ಮರೆತುಹೋಗುತ್ತದೆ.

ಹಾಗೆಂದು ಕನ್ನಡಕ್ಕೆ ಈ ಭೇದವೇ ಗೊತ್ತಿಲ್ಲವೆಂದು ತಿಳಿಯಬೇಡಿ. ಅಜ್ಜಿ ಕಥೆ ಹೇಳುವ ರೀತಿಯನ್ನು ನೆನಪಿಸಿಕೊಳ್ಳಿ. ಒಂದೂರಿನಲ್ಲಿ ಒಬ್ಬ ರಾಜನಿದ್ದ. ರಾಜನಿಗೆ ಮೂವರು ಹೆಣ್ಣುಮಕ್ಕಳು. ಮೊದಲ ಸಲ 'ಒಬ್ಬ ರಾಜ', ಎರಡನೆಯ ಸಲ ಬರೀ 'ರಾಜ'. ಎರಡನೆಯ ಸಲವೂ 'ಒಬ್ಬ ರಾಜನಿಗೆ' ಎಂದು ಅಜ್ಜಿ ಹೇಳಿದರೆ, ಇವನು ಬೇರೆ ರಾಜನೇ ಎಂದು ಮೊಮ್ಮಗು ಕೇಳೀತು. ಹೊಸಬನನ್ನು ಕಥೆಯೊಳಗೆ ಕರೆತರುವಾಗ 'ಒಬ್ಬ', ಪರಿಚಯವಾದ ಮೇಲೆ ಬೇಡ. ಇಂಗ್ಲಿಷಿನವರು ಮೊದಲನೆಯದಕ್ಕೆ 'ಎ ಕಿಂಗ್' ಎನ್ನುತ್ತಾರೆ, ಎರಡನೆಯದಕ್ಕೆ 'ದಿ ಕಿಂಗ್' ಎನ್ನುತ್ತಾರೆ. 'ಡಾಕ್ಟರೊಬ್ಬರು ಬಂದಿದ್ದರು', 'ಡಾಕ್ಟರು ಬಂದಿದ್ದರು' ಎಂಬ ಎರಡು ವಾಕ್ಯಗಳ ನಡುವೆಯೂ ಇರುವುದು ಇದೇ ವ್ಯತ್ಯಾಸ. ಮೊದಲನೆಯವರು ಯಾರೋ ಗೊತ್ತಿಲ್ಲ, ಎರಡನೆಯವರು ನಮಗೆ ಗೊತ್ತಿರುವ ನಮ್ಮ ಡಾಕ್ಟರು.

ಉದ್ಯೋಗ ಹೇಳುವಾಗ ಮಾತ್ರ ಕನ್ನಡ ಈ 'ಒಬ್ಬ'ನನ್ನು ಕೈಬಿಡುತ್ತದೆ. ಒತ್ತಾಯದಿಂದ ತಂದರೆ ಅರ್ಥವೇ ಕೆಡುವುದುಂಟು. 'ಅವನು ಡಾಕ್ಟರು' ಎಂದರೆ ಮಾಹಿತಿ. 'ಅವನೂ ಒಬ್ಬ ಡಾಕ್ಟರಾ!' ಎಂದರೆ ತಿರಸ್ಕಾರ. ಇಂಗ್ಲಿಷಿನ 'ಎ' ಕಂಡಲ್ಲೆಲ್ಲ 'ಒಬ್ಬ' ಎಂದು ಅನುವಾದಿಸಿ 'ನನ್ನ ತಂದೆ ಒಬ್ಬ ವೈದ್ಯರಾಗಿದ್ದಾರೆ' ಎಂದು ಬರೆಯುವ ಸ್ಕ್ರಿಪ್ಟುಗಳು ನನ್ನ ಮೇಜಿಗೆ ಆಗಾಗ ಬರುತ್ತವೆ. 'ನನ್ನ ತಂದೆ ವೈದ್ಯರು' ಎಂದು ತಿದ್ದಿ ಹಿಂದಕ್ಕೆ ಕಳಿಸುತ್ತೇನೆ. ಅಲ್ಲಿ ಇರಬೇಕಾದ ಅಕ್ಷರವನ್ನು ಬಿಡುವುದು ಹೇಗೆ ತಪ್ಪೋ, ಇಲ್ಲಿ ಬೇಡದ ಪದವನ್ನು ತುರುಕುವುದೂ ಹಾಗೆಯೇ ತಪ್ಪು.

ನಿಮಗೊಂದು ಸಮಾಧಾನದ ಸಂಗತಿ ಹೇಳುತ್ತೇನೆ. ಫ್ರೆಂಚ್ ಮತ್ತು ಜರ್ಮನ್ ಭಾಷೆಗಳಲ್ಲಿ ಆರ್ಟಿಕಲ್‌ಗಳು ಇಂಗ್ಲಿಷಿಗಿಂತ ಹೆಚ್ಚು. ಹೀಗಿದ್ದೂ 'ಅವರು ಡಾಕ್ಟರು' ಎಂದು ಉದ್ಯೋಗ ಹೇಳುವಾಗ ಆ ಎರಡು ಭಾಷೆಗಳೂ ಸಾಮಾನ್ಯವಾಗಿ ಆರ್ಟಿಕಲ್ ಬಿಟ್ಟೇ ಹೇಳುತ್ತವೆ. ಸ್ಪ್ಯಾನಿಷ್ ಭಾಷೆಯದೂ ಅದೇ ಪದ್ಧತಿ. ರಷ್ಯನ್ನರಿಗಂತೂ ನಮ್ಮಂತೆಯೇ, ಆರ್ಟಿಕಲ್ ಎಂಬುದೇ ಇಲ್ಲ. ಹಾಗಾಗಿ ಹೊಸದಾಗಿ ಇಂಗ್ಲಿಷ್ ಕಲಿಯುವ ಬರ್ಲಿನ್ನಿನ ಹುಡುಗನೂ ಬಳ್ಳಾರಿಯ ಹುಡುಗನೂ ಈ ಒಂದು ವಾಕ್ಯದಲ್ಲಿ ಒಂದೇ ಕಡೆ ಎಡವಬಹುದು. ದಡ್ಡತನಕ್ಕೂ ಇದಕ್ಕೂ ಸಂಬಂಧವಿಲ್ಲ. ಇಂಗ್ಲಿಷಿನ ಪದ್ಧತಿ ಬೇರೆ, ಅಷ್ಟೇ.

ಆ ಪದ್ಧತಿ ಏನು? ಡಾಕ್ಟರುಗಳು ಎಂಬ ಒಂದು ದೊಡ್ಡ ಗುಂಪಿದೆ. ಗಣಿತದ ತರಗತಿಯಲ್ಲಿ ಗಣ ಎಂದು ಓದುತ್ತೀರಲ್ಲ, ಹಾಗೆ. ನಮ್ಮ ತಾಯಿ ಆ ಗಣದ ಒಂದು ಸದಸ್ಯೆ. 'ಮೈ ಮದರ್ ಈಸ್ ಎ ಡಾಕ್ಟರ್' ಎಂಬಲ್ಲಿ 'ಎ' ಹೇಳುವುದು ಅದನ್ನೇ: ಇಂಥವರು ಹಲವರಿದ್ದಾರೆ, ಅವರಲ್ಲಿ ಇವರೊಬ್ಬರು. ಎಣಿಸಬಹುದಾದ ಯಾವ ನಾಮಪದವೂ ಏಕವಚನದಲ್ಲಿ ಬರಿತಲೆಯಲ್ಲಿ ನಿಲ್ಲಬಾರದು ಎಂಬುದು ಇಂಗ್ಲಿಷಿನ ಸಾಮಾನ್ಯ ನಿಯಮ. ತಲೆಯ ಮೇಲೆ 'ಎ' ಇರಬೇಕು, ಇಲ್ಲವೇ 'ದಿ' ಅಥವಾ 'ಮೈ', 'ಅವರ್' ಮುಂತಾದ ಬೇರೊಂದು ಪದ ಇರಬೇಕು. ಬಹುವಚನವಾದೊಡನೆ ಈ ಕಟ್ಟು ಸಡಿಲವಾಗುತ್ತದೆ. 'ಮೈ ಪೇರೆಂಟ್ಸ್ ಆರ್ ಟೀಚರ್ಸ್' ಎಂದರೆ ಸಾಕು.

'ಆ್ಯಸ್' ಪದದ ನಂತರ ಬಹಳ ಜನ 'ಎ' ಬಿಡುತ್ತಾರೆ. 'ಐ ಆ್ಯಮ್ ವರ್ಕಿಂಗ್ ಆ್ಯಸ್ ಲ್ಯಾಬ್ ಅಸಿಸ್ಟೆಂಟ್' ಎಂದು ಉದ್ಯೋಗದ ಅರ್ಜಿಗಳಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. 'ಆ್ಯಸ್ ಎ ಲ್ಯಾಬ್ ಅಸಿಸ್ಟೆಂಟ್' ಎಂಬುದು ಸರಿ. ಶಾಲೆಯಲ್ಲಿ 'ನನ್ನ ಜೀವನದ ಗುರಿ' ಎಂಬ ಪ್ರಬಂಧ ಬರೆಯುವವರೂ ಗಮನಿಸಿ, 'ಐ ವಾಂಟ್ ಟು ಬಿಕಮ್ ಎ ಡಾಕ್ಟರ್'. 'ಹಿ ಈಸ್ ಡೂಯಿಂಗ್ ಎಂಜಿನಿಯರ್' ಎಂಬ ವಾಕ್ಯವಂತೂ ಎಲ್ಲಿಂದ ಹುಟ್ಟಿತೋ! ಓದುತ್ತಿದ್ದರೆ 'ಸ್ಟಡಿಯಿಂಗ್ ಎಂಜಿನಿಯರಿಂಗ್', ಓದಿ ಕೆಲಸದಲ್ಲಿದ್ದರೆ 'ಆ್ಯನ್ ಎಂಜಿನಿಯರ್'.

ಇಲ್ಲಿ 'ಆ್ಯನ್' ಬಂತು ನೋಡಿ. ನಿಮ್ಮ ಮೇಷ್ಟರು ಕಲಿಸಿದ ಸೂತ್ರ ನೆನಪಿರಬಹುದು: ಎ, ಇ, ಐ, ಓ, ಯು ಎಂಬ ಐದು ಅಕ್ಷರಗಳ ಹಿಂದೆ 'ಆ್ಯನ್', ಉಳಿದವುಗಳ ಹಿಂದೆ 'ಎ'. ಈ ಸೂತ್ರ ಮುಕ್ಕಾಲು ಪಾಲು ಕೆಲಸ ಮಾಡುತ್ತದೆ, ಉಳಿದ ಕಾಲು ಪಾಲಿನಲ್ಲಿ ನಮ್ಮನ್ನು ಹಳ್ಳಕ್ಕೆ ಕೆಡವುತ್ತದೆ. ನಾನು ಬಿದ್ದಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಾರ್ಯಕ್ರಮಕ್ಕೆ ಪರದೆಯ ಕೆಳಗೆ ಮೂಡುವ ಹೆಸರಿನ ಪಟ್ಟಿ ಬರೆಯುವಾಗ ಒಬ್ಬ ಅತಿಥಿಯನ್ನು 'ಆ್ಯನ್ ಯೂನಿವರ್ಸಿಟಿ ಪ್ರೊಫೆಸರ್' ಎಂದು ಬರೆದುಬಿಟ್ಟೆ. ಯೂನಿವರ್ಸಿಟಿ 'ಯು' ಅಕ್ಷರದಿಂದ ತೊಡಗುವ ಪದವಲ್ಲವೇ ಎಂಬ ಧೈರ್ಯ. ಕಾರ್ಯಕ್ರಮ ಪ್ರಸಾರವಾಯಿತು. ಅತಿಥಿಗಳೇ ಮರುದಿನ ಫೋನು ಮಾಡಿ, "ನೋಡಪ್ಪಾ, ನಾನು ಪಾಠ ಮಾಡುವುದೇ ಇಂಗ್ಲಿಷು, ನನ್ನ ಹೆಸರಿನ ಕೆಳಗೇ ಹೀಗೆ ಬರೆದೆಯಲ್ಲ" ಎಂದರು. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ನಿಜವಾದ ನಿಯಮ ಕಾಗುಣಿತದ್ದಲ್ಲ, ಉಚ್ಚಾರದ್ದು. ಇಲ್ಲಿ ಕನ್ನಡಿಗರಿಗೆ ದೊಡ್ಡದೊಂದು ಅನುಕೂಲವಿದೆ. ನಮ್ಮ ಲಿಪಿ ಸ್ವರ ಮತ್ತು ವ್ಯಂಜನಗಳನ್ನು ಬೇರೆ ಬೇರೆ ಮಾಡಿಟ್ಟಿದೆ. ಸಂದೇಹ ಬಂದಾಗ ಆ ಇಂಗ್ಲಿಷ್ ಪದವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಬರೆಯಿರಿ. ಮೊದಲ ಅಕ್ಷರ ಅ, ಆ, ಇ, ಈ ಎಂಬ ಸ್ವರಗಳ ಸಾಲಿನದಾದರೆ 'ಆ್ಯನ್'. ಕ, ಖ, ಗ ಎಂಬ ವ್ಯಂಜನಗಳ ಸಾಲಿನದಾದರೆ 'ಎ'. ಯೂನಿವರ್ಸಿಟಿ ಎಂದು ಬರೆದರೆ ಮೊದಲಿಗೆ ಕಾಣುವುದು 'ಯ', ಅದು ವ್ಯಂಜನ. ಆದ್ದರಿಂದ 'ಎ ಯೂನಿವರ್ಸಿಟಿ ಪ್ರೊಫೆಸರ್'. ಆದರೆ ಅಂಡರ್‌ಗ್ರ್ಯಾಜುಯೇಟ್ ಎಂಬುದಕ್ಕೆ ಇಂಗ್ಲಿಷಿನಲ್ಲಿ ಅದೇ 'ಯು' ಇದ್ದರೂ ಕನ್ನಡದಲ್ಲಿ ಬರುವುದು 'ಅ', ಹಾಗಾಗಿ 'ಆ್ಯನ್ ಅಂಡರ್‌ಗ್ರ್ಯಾಜುಯೇಟ್'. ಒಬ್ಬರೇ ಸದಸ್ಯರಿರುವ ಆಯೋಗ 'ಎ ವನ್ ಮ್ಯಾನ್ ಕಮಿಷನ್', ಏಕೆಂದರೆ ನಾವು ಬರೆಯುವುದು 'ವನ್'. ಗೌರವ ಕಾರ್ಯದರ್ಶಿ 'ಆ್ಯನ್ ಆನರರಿ ಸೆಕ್ರೆಟರಿ', ಏಕೆಂದರೆ ಅಲ್ಲಿ 'ಎಚ್' ಅಕ್ಷರ ಬರವಣಿಗೆಯಲ್ಲಿ ಉಂಟು, ಬಾಯಲ್ಲಿ ಇಲ್ಲ. ಹಿಸ್ಟೋರಿಯನ್ ಎಂಬುದರಲ್ಲಿ 'ಹ' ಕೇಳಿಸುತ್ತದೆ, ಅದು 'ಎ ಹಿಸ್ಟೋರಿಯನ್'. ಹಳೆಯ ಪುಸ್ತಕಗಳಲ್ಲಿ 'ಆ್ಯನ್ ಹಿಸ್ಟೋರಿಯನ್' ಎಂದೂ ಕಂಡೀತು, ಅದು ಹಿಂದಿನವರ ರೂಢಿ.

ಈ ಉಪಾಯ ಹೆಚ್ಚು ನೆರವಿಗೆ ಬರುವುದು ಸಂಕ್ಷಿಪ್ತ ರೂಪಗಳಲ್ಲಿ. ನಮ್ಮ ರಾಜ್ಯದಲ್ಲಿ ಉದ್ಯೋಗಗಳೆಲ್ಲ ಸಂಕ್ಷಿಪ್ತ ರೂಪದಲ್ಲೇ ಓಡಾಡುತ್ತವೆ ತಾನೆ! ಎಂ.ಎಲ್.ಎ. ಎಂಬುದರ ಮೊದಲ ಅಕ್ಷರ ಇಂಗ್ಲಿಷಿನಲ್ಲಿ ವ್ಯಂಜನ. ಆದರೆ ಕನ್ನಡದಲ್ಲಿ ಬರೆದರೆ ಮೊದಲು ಬರುವುದು 'ಎ', ಸ್ವರ. ಆದ್ದರಿಂದ 'ಆ್ಯನ್ ಎಂ.ಎಲ್.ಎ.' ಹಾಗೆಯೇ ಆ್ಯನ್ ಐ.ಎ.ಎಸ್. ಆಫೀಸರ್, ಆದರೆ ಎ ಕೆ.ಎ.ಎಸ್. ಆಫೀಸರ್. ಆ್ಯನ್ ಎಂ.ಎಸ್ಸಿ. ಸ್ಟೂಡೆಂಟ್, ಆದರೆ ಎ ಬಿ.ಎಸ್ಸಿ. ಸ್ಟೂಡೆಂಟ್. ಆ್ಯನ್ ಎನ್.ಸಿ.ಸಿ. ಕೆಡೆಟ್. ಆ್ಯನ್ ಎಲ್.ಐ.ಸಿ. ಏಜೆಂಟ್. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಹೆಸರುಗಳನ್ನು ಕನ್ನಡದಲ್ಲಿ ಬರೆದು ನೋಡಿ, ಸ್ವರದಿಂದ ತೊಡಗುವವು 12 ಸಿಗುತ್ತವೆ: ಎ, ಇ, ಎಫ್, ಎಚ್, ಐ, ಎಲ್, ಎಂ, ಎನ್, ಓ, ಆರ್, ಎಸ್, ಎಕ್ಸ್. ಐದಲ್ಲ, ಹನ್ನೆರಡು. 'ಯು' ಈ ಪಟ್ಟಿಯಲ್ಲಿ ಇಲ್ಲವೆಂಬುದನ್ನೂ ಗಮನಿಸಿ.

ಆದರೆ ಒಂದು ಎಚ್ಚರಿಕೆ ಬೇಕು. ಕನ್ನಡದ ಕೈ ನಂಬಿಕಸ್ಥ, ಕನ್ನಡದ ನಾಲಿಗೆ ಅಷ್ಟಲ್ಲ. ಪದದ ಮೊದಲಲ್ಲಿ 'ಎ' ಬಂದರೆ ನಾವು ಮಾತಿನಲ್ಲಿ ಅದರ ಹಿಂದೆ ಒಂದು 'ಯ'ಕಾರ ಸೇರಿಸುತ್ತೇವೆ. 'ಎಲೆ' ಎಂದು ಬರೆದು 'ಯೆಲೆ' ಎನ್ನುತ್ತೇವೆ. 'ಒಲೆ' ಎಂದು ಬರೆದು 'ವೊಲೆ' ಎನ್ನುತ್ತೇವೆ. ಅದೇ ನಾಲಿಗೆ ಇಂಗ್ಲಿಷಿಗೆ ಹೋದಾಗ ಎಂಜಿನಿಯರ್ 'ಯಂಜಿನಿಯರ್' ಆಗುತ್ತಾನೆ, ಎಂ.ಎಲ್.ಎ. 'ಯಮ್ಮೆಲ್ಲೆ' ಆಗುತ್ತಾರೆ. ಆ 'ಯ'ಕಾರವನ್ನು ನಂಬಿ 'ಎ ಎಂಜಿನಿಯರ್' ಎಂದು ಬರೆದವರನ್ನು ಕಂಡಿದ್ದೇನೆ. 'ಎಚ್' ಅಕ್ಷರದ್ದು ಇನ್ನೊಂದು ತಂಟೆ. ನಮ್ಮಲ್ಲಿ ಅದನ್ನು 'ಹೆಚ್' ಎಂದು ಬರೆಯುವವರು ಬಹಳ. ಶಾಲೆಯ ಮುಖ್ಯೋಪಾಧ್ಯಾಯರನ್ನು ಎಚ್.ಎಂ. ಎನ್ನುತ್ತೇವಲ್ಲ, ಆಗ ಅದು 'ಆ್ಯನ್ ಎಚ್.ಎಂ.' ಪೂರ್ತಿ ಬರೆದರೆ 'ಎ ಹೆಡ್‌ಮಾಸ್ಟರ್'. ಮನುಷ್ಯರು ಅವರೇ, ಆರ್ಟಿಕಲ್ ಬೇರೆ!

ಈ ಎರಡು ರೂಪಗಳ ಚರಿತ್ರೆಯೂ ಸ್ವಾರಸ್ಯವಾಗಿದೆ. 'ಎ' ಮೂಲ ರೂಪ, ಸ್ವರದ ಮುಂದೆ ಅದಕ್ಕೆ 'ನ'ಕಾರ ಸೇರುತ್ತದೆ ಎಂದು ನಾವು ತಿಳಿದಿರುತ್ತೇವೆ. ನಡೆದದ್ದು ತಿರುಗುಮುರುಗು. ಹಳೆಯ ಇಂಗ್ಲಿಷಿನಲ್ಲಿ 'ಒಂದು' ಎಂಬ ಅರ್ಥದ 'ಆನ್' ಎಂಬ ಪದವಿತ್ತು. ಇಂದಿನ 'ವನ್', 'ಆ್ಯನ್' ಎರಡೂ ಅದರ ಮಕ್ಕಳು. ವ್ಯಂಜನದ ಮುಂದೆ ನಕಾರ ಸವೆದುಹೋಗಿ 'ಎ' ಉಳಿಯಿತು. ನಮ್ಮ ಅಜ್ಜಿಯ 'ಒಬ್ಬ ರಾಜ' ಮತ್ತು ಅವರ 'ಎ ಕಿಂಗ್' ಎರಡೂ ಎಣಿಕೆಯ ಪದದಿಂದಲೇ ಬಂದವು ಎಂದಾಯಿತು.

ಈ ನಕಾರ ಯಾರದ್ದು ಎಂಬ ಗೊಂದಲ ಇಂಗ್ಲಿಷರಿಗೂ ಇತ್ತು. ಅದಕ್ಕೆ ಸಾಕ್ಷಿ ಕ್ರಿಕೆಟ್ ಮೈದಾನದಲ್ಲೇ ನಿಂತಿದೆ. ಹಳೆಯ ಫ್ರೆಂಚಿನಲ್ಲಿ 'ನಾನ್‌ಪೇರ್' ಎಂಬ ಪದ, ಜೋಡಿಯಿಲ್ಲದವನು ಎಂದರ್ಥ. ಇಬ್ಬರ ಜಗಳದಲ್ಲಿ ಯಾರ ಪಕ್ಷವೂ ಅಲ್ಲದ ಮೂರನೆಯವನು. ಅದು ಇಂಗ್ಲಿಷಿಗೆ ಬಂದು 'ಎ ನಂಪೈರ್' ಎಂಬಂತೆ ಬಳಕೆಯಾಯಿತು. ವೇಗವಾಗಿ ಹೇಳುವಾಗ ಪದ ಎಲ್ಲಿ ಒಡೆಯುತ್ತದೆಂದು ತಿಳಿಯದೆ ಜನ 'ಆ್ಯನ್ ಅಂಪೈರ್' ಎಂದು ಕೇಳಿಸಿಕೊಂಡರು, ಹಾಗೇ ಬರೆದರು. ಪದದ ತಲೆಯ ನಕಾರ ಆರ್ಟಿಕಲ್‌ನ ಪಾಲಾಯಿತು. 'ಏಪ್ರನ್' ಪದವೂ ಹೀಗೆಯೇ ತನ್ನ ನಕಾರ ಕಳೆದುಕೊಂಡದ್ದು, ಅದು ಮೊದಲು 'ನ್ಯಾಪ್ರನ್' ಎಂಬಂತಿತ್ತು. 1999ರ ಫೆಬ್ರವರಿಯಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಪಡೆದಾಗ ಅಂಪೈರ್‌ಗಳಲ್ಲಿ ಒಬ್ಬರು ಕರ್ನಾಟಕದವರೇ ಆದ ಎ.ವಿ. ಜಯಪ್ರಕಾಶ್. ಅವರನ್ನು ಕುರಿತು ಇಂಗ್ಲಿಷಿನಲ್ಲಿ ಬರೆಯುವವರು 'ಆ್ಯನ್ ಅಂಪೈರ್' ಎಂದೇ ಬರೆಯಬೇಕು. ಆರುನೂರು ವರ್ಷ ಹಿಂದಾಗಿದ್ದರೆ 'ಎ' ಸಾಕಿತ್ತು.

ಸರಿ, ಇಷ್ಟೆಲ್ಲ ಕೇಳಿ ಇನ್ನು ಮೇಲೆ ಉದ್ಯೋಗದ ಪದ ಕಂಡಲ್ಲೆಲ್ಲ 'ಎ' ಅಂಟಿಸಿಬಿಡುತ್ತೀರೆಂಬ ಹೆದರಿಕೆ ನನಗಿದೆ. ಬೇಡವಾದ ಕಡೆಗಳೂ ಇವೆ. ಅರ್ಜಿಯ ಮೇಲ್ಭಾಗದಲ್ಲಿ 'ಅಪ್ಲಿಕೇಶನ್ ಫಾರ್ ದಿ ಪೋಸ್ಟ್ ಆಫ್ ಅಸಿಸ್ಟೆಂಟ್ ಟೀಚರ್' ಎಂದು ಬರೆಯುವಾಗ ಆರ್ಟಿಕಲ್ ಬೇಡ. ಅಲ್ಲಿ ಹೇಳುತ್ತಿರುವುದು ಹುದ್ದೆಯ ಹೆಸರು, ಮನುಷ್ಯನನ್ನಲ್ಲ. ಹೆಸರಿನ ಹಿಂದೆ ಬಿರುದಾಗಿ ಬಂದಾಗಲೂ ಬೇಡ. 'ಪ್ರೊಫೆಸರ್ ರಾವ್' ಎಂದರೆ ನಮಗೆ ಗೊತ್ತಿರುವ ರಾವ್ ಅವರು. 'ಎ ಪ್ರೊಫೆಸರ್ ರಾವ್' ಎಂದರೆ ರಾವ್ ಎಂಬ ಯಾರೋ ಒಬ್ಬ ಪ್ರೊಫೆಸರ್! ಶಿಫಾರಸು ಪತ್ರ ಬರೆದುಕೊಟ್ಟ ನಿಮ್ಮ ಮೇಷ್ಟರ ಬಗ್ಗೆ ಹಾಗೆ ಬರೆದರೆ ಅವರಿಗೆ ಬೇಸರವಾದೀತು.

ಒಂದು ಸಂಸ್ಥೆಯಲ್ಲಿ ಒಬ್ಬರೇ ಇರುವಂಥ ಹುದ್ದೆಗಳದ್ದೂ ಬೇರೆ ಕ್ರಮ. ಕುವೆಂಪು 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. 'ಕುವೆಂಪು ವಾಸ್ ಅಪಾಯಿಂಟೆಡ್ ವೈಸ್ ಚಾನ್ಸೆಲರ್ ಇನ್ 1956', ಇಲ್ಲಿ 'ಎ' ಇಲ್ಲ. ಒಂದು ವಿಶ್ವವಿದ್ಯಾನಿಲಯಕ್ಕೆ ಒಂದು ಕಾಲದಲ್ಲಿ ಒಬ್ಬರೇ ಕುಲಪತಿ, ಗುಂಪಿನ ಪ್ರಶ್ನೆಯೇ ಬರುವುದಿಲ್ಲ. ಆದರೆ ಅವರ ಸಾಹಿತ್ಯವನ್ನು ಕುರಿತು ಹೇಳುವಾಗ 'ಕುವೆಂಪು ವಾಸ್ ಎ ಪೊಯಟ್' ಎನ್ನಬೇಕು. ಕವಿಗಳು ಹಲವರು. ಇನ್ನು ಶಾಲೆಯ ಫಾರಂಗಳಲ್ಲಿ ತಂದೆಯ ಉದ್ಯೋಗ ಎಂಬ ಖಾಲಿ ಜಾಗವಿರುತ್ತದೆ. ಅದು ವಾಕ್ಯವಲ್ಲ. ಟೈಲರ್, ಫಾರ್ಮರ್, ಡ್ರೈವರ್ ಎಂದು ಒಂದೇ ಪದ ಬರೆದರೆ ಸಾಕು. ಕೆಲವರು ತಂದೆ ಕೂಲಿ ಮಾಡುತ್ತಾರೆಂದು ಆ ಜಾಗದಲ್ಲಿ 'ನಿಲ್' ಎಂದು ಬರೆಯುವುದನ್ನು ನೋಡಿದ್ದೇನೆ. ಬೆಳಗಿನಿಂದ ಸಂಜೆವರೆಗೆ ದುಡಿಯುವವರ ಮುಂದೆ 'ನಿಲ್' ಎಂದರೆ ಹೇಗೆ? ಹೊಲದಲ್ಲಿ ಕೂಲಿ ಮಾಡುವವರಾದರೆ 'ಅಗ್ರಿಕಲ್ಚರಲ್ ಲೇಬರರ್' ಎಂದು ಬರೆಯಿರಿ. ವಾಕ್ಯದಲ್ಲಾದರೆ 'ಆ್ಯನ್ ಅಗ್ರಿಕಲ್ಚರಲ್ ಲೇಬರರ್'.

ಇನ್ನುಳಿದದ್ದು 'ಬೈ ಪ್ರೊಫೆಷನ್' ಎಂಬ ಬಾಲ. ವಾಕ್ಯಕ್ಕೆ ತೂಕ ಬರಲಿ ಎಂದು ಎಲ್ಲರೂ ಹಚ್ಚುವ ಬಾಲವಿದು. 'ಮೈ ಅಂಕಲ್ ಈಸ್ ಎ ಡಾಕ್ಟರ್ ಬೈ ಪ್ರೊಫೆಷನ್' ಎಂದರೆ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಕೇಳಿದವರು 'ಸರಿ, ಮತ್ತೆ ಬೇರೇನು ಮಾಡುತ್ತಾರೆ?' ಎಂದು ಕಾಯುತ್ತಾರೆ. ವೃತ್ತಿ ಒಂದು, ಹೆಸರು ಮಾಡಿದ್ದು ಇನ್ನೊಂದರಲ್ಲಿ ಎಂದಿದ್ದಾಗಲೇ ಈ ಬಾಲಕ್ಕೆ ಬೆಲೆ. ನಮ್ಮ ಸಾಹಿತ್ಯದಲ್ಲಿ ಇದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. 1942ರಲ್ಲಿ 'ಕೊರವಂಜಿ' ಹಾಸ್ಯ ಪತ್ರಿಕೆ ಆರಂಭಿಸಿದ ರಾಶಿ, ಅಂದರೆ ಎಂ. ಶಿವರಾಂ, ವೃತ್ತಿಯಿಂದ ಡಾಕ್ಟರು. ಕಾದಂಬರಿಕಾರ್ತಿ ಅನುಪಮಾ ನಿರಂಜನ ಅವರೂ ಡಾಕ್ಟರೇ. 'ಹಸುರು ಹೊನ್ನು' ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಬಿ.ಜಿ.ಎಲ್. ಸ್ವಾಮಿ ಸಸ್ಯವಿಜ್ಞಾನಿ. 'ರಾಶಿ ವಾಸ್ ಎ ಡಾಕ್ಟರ್ ಬೈ ಪ್ರೊಫೆಷನ್' ಎಂದು ಬರೆದರೆ ಆ ಬಾಲ ತನ್ನ ಕೆಲಸ ಮಾಡುತ್ತದೆ.

ಓದಿದ್ದು ಒಂದು, ವೃತ್ತಿ ಇನ್ನೊಂದು ಎಂದಾಗ 'ಬೈ ಟ್ರೈನಿಂಗ್' ಎನ್ನುವುದು ವಾಡಿಕೆ. ಕುಂಬ್ಳೆ ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಹಾಗಾಗಿ ಅವರು 'ಆ್ಯನ್ ಎಂಜಿನಿಯರ್ ಬೈ ಟ್ರೈನಿಂಗ್', ವೃತ್ತಿಯಲ್ಲಿ 'ಎ ಕ್ರಿಕೆಟರ್'. ಒಂದೇ ವಾಕ್ಯದಲ್ಲಿ 'ಆ್ಯನ್' ಮತ್ತು 'ಎ' ಎರಡನ್ನೂ ಅಭ್ಯಾಸ ಮಾಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 'ಹಿಸ್ ಪ್ರೊಫೆಷನ್ ಈಸ್ ಎ ಡಾಕ್ಟರ್' ಎಂದು ಮಾತ್ರ ಬರೆಯಬೇಡಿ. ಡಾಕ್ಟರ್ ಎಂದರೆ ಮನುಷ್ಯ, ಅವನ ವೃತ್ತಿ ವೈದ್ಯಕೀಯ.

ಹಿಂದೆ ಇಂಗ್ಲಿಷರು ಪ್ರೊಫೆಷನ್ ಎಂಬ ಪದವನ್ನು ಧರ್ಮೋಪದೇಶ, ಕಾನೂನು, ವೈದ್ಯಕೀಯ ಈ ಮೂರಕ್ಕೆ ಮೀಸಲಿಟ್ಟಿದ್ದರು. ಸಾರ್ವಜನಿಕವಾಗಿ ಘೋಷಿಸು ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದ ಪದವದು. ಬಡಗಿ, ಕಮ್ಮಾರ, ದರ್ಜಿ ಮುಂತಾಗಿ ಕೈಕಸುಬಿನವರಿಗೆ 'ಬೈ ಟ್ರೇಡ್' ಎನ್ನುತ್ತಿದ್ದರು. ಇಂದಿಗೂ 'ಎ ಕಾರ್ಪೆಂಟರ್ ಬೈ ಟ್ರೇಡ್' ಎಂಬುದು ಚಾಲ್ತಿಯಲ್ಲಿದೆ. ಅದರಲ್ಲಿ ಕೀಳುಭಾವನೆಯಿಲ್ಲ, ಕೈಚಳಕ ಗೊತ್ತಿದ್ದವನು ಎಂಬ ಗೌರವವೇ ಇದೆ ಎಂದು ನನ್ನ ಅನಿಸಿಕೆ. ಆರ್ಟಿಕಲ್ ಮಾತ್ರ ಎಲ್ಲರಿಗೂ ಒಂದೇ. 'ಎ ಡಾಕ್ಟರ್', 'ಎ ಬ್ಯಾಂಕ್ ಮ್ಯಾನೇಜರ್', 'ಎ ಟೈಲರ್'.

ಆ ದಿನ ಚಹಾ ವಿರಾಮ ಮುಗಿದ ಮೇಲೆ, ಧ್ವನಿ ಸರಿಯಾಗಿ ಬಂದಿಲ್ಲ ಎಂಬ ನೆಪ ಹೇಳಿ ಎಲ್ಲರ ಪರಿಚಯವನ್ನೂ ಮತ್ತೊಮ್ಮೆ ಚಿತ್ರೀಕರಿಸಲು ನಿರ್ಧರಿಸಿದೆವು. ಅದಕ್ಕೆ ಮೊದಲು, ಮೇಲೆ ಬರೆದದ್ದರಲ್ಲಿ ಕಾಲು ಭಾಗದಷ್ಟನ್ನು ಎಲ್ಲರಿಗೂ ವಿವರಿಸಿದೆ. ನಕ್ಕಿದ್ದ ಹುಡುಗ ಮುಂದಿನ ಸಾಲಿಗೆ ಬಂದು ಕುಳಿತು ಬರೆದುಕೊಂಡ. ಮೂರನೆಯ ಸಾಲಿನ ಹುಡುಗಿ ಕೈ ಎತ್ತಿದಳು.

"ಸಾರ್, ಇಂಥವರು ಬಹಳ ಜನ ಇದ್ದರೆ, ಅವರಲ್ಲಿ ಒಬ್ಬರು ಅಂತ ಹೇಳೋದಕ್ಕೆ 'ಎ' ಅಲ್ವಾ?"

"ಹೌದಮ್ಮಾ."

"ನಮ್ಮೂರಲ್ಲಿ ಟೈಲರ್ ಅಂತ ಇರೋದು ನಮ್ಮಪ್ಪ ಒಬ್ಬರೇ ಸಾರ್. ಸುತ್ತ ಮೂರು ಹಳ್ಳಿಯವರೂ ಅವರ ಹತ್ತಿರಾನೇ ಬರೋದು."

ನಾನು ಒಂದು ಕ್ಷಣ ಯೋಚಿಸಿದೆ. ಆಕೆಯ ಪ್ರಶ್ನೆ ನ್ಯಾಯವಾಗಿತ್ತು. ಉದ್ಯೋಗವನ್ನಷ್ಟೇ ಹೇಳುವುದಾದರೆ 'ಎ ಟೈಲರ್'. ಊರಿನ ಹೆಸರನ್ನೂ ಸೇರಿಸಿ, ಅಲ್ಲಿಗೆ ಅವರೊಬ್ಬರೇ ಎಂದು ಹೇಳುವುದಾದರೆ 'ಎ' ಬಿಟ್ಟು 'ದಿ' ಹಾಕಬೇಕು. ಹಾಗೆಂದೇ ಹೇಳಿದೆ.

ಕ್ಯಾಮೆರಾ ಓಡಿತು. ಆಕೆ ಹೆಸರು ಹೇಳಿದಳು, ಊರು ಹೇಳಿದಳು, ಓದು ಹೇಳಿದಳು. ನಾಲ್ಕನೆಯ ವಾಕ್ಯ: 'ಮೈ ಫಾದರ್ ಈಸ್ ದಿ ಟೈಲರ್ ಇನ್ ಅವರ್ ವಿಲೇಜ್.' ಸಂಜೆ ಎಡಿಟಿಂಗ್ ಕೋಣೆಯಲ್ಲಿ ಆ ಭಾಗವನ್ನು ನೋಡುವಾಗ ಧ್ವನಿಯ ಗೆರೆಯಲ್ಲಿ 'ದಿ' ಇದ್ದ ಕಡೆ ಗುಡ್ಡ ಸಾಕಷ್ಟು ಎತ್ತರವಾಗಿಯೇ ಎದ್ದಿತ್ತು.